ಕರಾವಳಿಯ ಹ್ಯಾಮ್ ಕೇಂದ್ರಕ್ಕೆ ಲಾಗ್-ಪೀರಿಯಾಡಿಕ್ ಆಂಟೆನಾ: ಬಾಳಿಕೆಯ ದೃಷ್ಟಿಯಿಂದ ಒಂದು ಪರಿಶೀಲನೆ

1. ಪ್ರಶ್ನೆ

ದಕ್ಷಿಣ ಕನ್ನಡದಲ್ಲಿ ಕಡಲಿಗೆ ಹತ್ತಿರದ ಮನೆಯೊಂದರ ತಾರಸಿಯಿಂದ ಇಳಿಸಿದ ಹಳೆಯ ಯಾಗಿ ಆಂಟೆನಾವನ್ನು ಬಿಚ್ಚಿ ನೋಡುವ ಅವಕಾಶ ನನಗೊಮ್ಮೆ ಸಿಕ್ಕಿತ್ತು. ಮೂರು ಎಲಿಮೆಂಟುಗಳ, ಮೂರು ಬ್ಯಾಂಡುಗಳ ಆಂಟೆನಾ. ಹೊರಗಿನಿಂದ ಕೊಳವೆಗಳೆಲ್ಲ ನೆಟ್ಟಗೇ ಇದ್ದವು, ಹೊಳಪು ಮಾತ್ರ ಮಾಸಿತ್ತು. ಟ್ರಾಪ್ ಒಂದರ ಹೊದಿಕೆ ಕಳಚಿದಾಗ ಒಳಗಿನ ಸುರುಳಿಯ ಮೇಲೆ ಬಿಳಿ ಹಿಟ್ಟು ಕೂತಿತ್ತು. ನೀರು ಬಸಿದು ಹೋಗಲೆಂದು ಕೆಳಮುಖವಾಗಿ ಕೊರೆದಿದ್ದ ತೂತನ್ನು ಕಣಜದ ಹುಳು ಮಣ್ಣು ಮೆತ್ತಿ ಮುಚ್ಚಿಬಿಟ್ಟಿತ್ತು. ಸುರುಳಿಯ ತುದಿಯನ್ನು ಕೊಳವೆಗೆ ಬಿಗಿದಿದ್ದ ತಿರುಪಿನ ತಲೆ ಬೆರಳು ತಾಗಿದ್ದೇ ಉದುರಿತು. ಇಷ್ಟಾಗಿಯೂ ಆ ಮನೆಯ ಹ್ಯಾಮ್ (ಹವ್ಯಾಸಿ ರೇಡಿಯೋ) ಸ್ನೇಹಿತರು ‘ಎಸ್‌ಡಬ್ಲ್ಯೂಆರ್ ಕೊನೆಯ ದಿನದವರೆಗೂ ಚೆನ್ನಾಗಿಯೇ ಇತ್ತಲ್ಲ’ ಎಂದು ಅಚ್ಚರಿಪಟ್ಟರು. ಅವರು ಹೇಳಿದ್ದು ನಿಜವೇ. ಅದು ಹೇಗೆ ನಿಜವಾಗಿರಲು ಸಾಧ್ಯ ಎಂಬುದನ್ನು ಏಳನೆಯ ಭಾಗದಲ್ಲಿ ನೋಡೋಣ.

ಈ ಟಿಪ್ಪಣಿಯ ಪ್ರಶ್ನೆ ಅಲ್ಲಿಂದ ಹುಟ್ಟಿದ್ದು. ನಮ್ಮ ಕರಾವಳಿಯಲ್ಲಿ 14ರಿಂದ 29.7 ಮೆಗಾಹರ್ಟ್ಸ್‌ವರೆಗಿನ ಹವ್ಯಾಸಿ ಬ್ಯಾಂಡುಗಳಿಗೆಲ್ಲ ಸಲ್ಲುವ, ದಿಕ್ಕು ಹಿಡಿಯುವ ಒಂದೇ ಆಂಟೆನಾ ನಿಲ್ಲಿಸುವುದಾದರೆ, ಹೆಚ್ಚು ಕಾಲ ಬಾಳುವಂಥದ್ದು ಯಾವುದು? ಆಂಟೆನಾಗಳನ್ನು ಹೋಲಿಸುವಾಗ ನಾವು ಸಾಮಾನ್ಯವಾಗಿ ಮೊದಲು ನೋಡುವುದು ಗೇನ್, ಅಂದರೆ ಒಂದು ದಿಕ್ಕಿಗೆ ಶಕ್ತಿಯನ್ನು ಎಷ್ಟರಮಟ್ಟಿಗೆ ಒಟ್ಟುಗೂಡಿಸುತ್ತದೆ ಎಂಬ ಅಂಕಿ. ಇಲ್ಲಿ ಆ ಕ್ರಮವನ್ನು ತಿರುಗಿಸಿ, ಮೊದಲು ಬಾಳಿಕೆ, ಆಮೇಲೆ ಗೇನ್ ಎಂದು ಲೆಕ್ಕ ಹಾಕಿದ್ದೇನೆ.

2. ಐದು ಬ್ಯಾಂಡುಗಳನ್ನು ಹಿಡಿಯುವ ದಾರಿಗಳು

ಈ ಹರವಿನಲ್ಲಿ ಹ್ಯಾಮ್‌ಗಳಿಗೆ ಐದು ಬ್ಯಾಂಡುಗಳಿವೆ: 14, 18, 21, 24 ಮತ್ತು 28 ಮೆಗಾಹರ್ಟ್ಸ್. ಇವುಗಳಲ್ಲಿ 18 ಮತ್ತು 24 ಮೆಗಾಹರ್ಟ್ಸ್ ಬ್ಯಾಂಡುಗಳು 1979ರ ವಿಶ್ವ ಆಡಳಿತ ರೇಡಿಯೋ ಸಮ್ಮೇಳನದಲ್ಲಿ ಹವ್ಯಾಸಿಗಳ ಪಾಲಿಗೆ ಬಂದವು. ಅದಕ್ಕೂ ಮುಂಚೆ ರೂಪುಗೊಂಡ ಮೂರು ಬ್ಯಾಂಡಿನ ಆಂಟೆನಾ ವಿನ್ಯಾಸಗಳು ಈ ಎರಡನ್ನು ಲೆಕ್ಕಕ್ಕೆ ತೆಗೆದುಕೊಂಡಿರಲೇ ಇಲ್ಲ.

ಮೊದಲನೆಯದು ಯಾಗಿ. ಜಪಾನಿನ ತೊಹೊಕು ವಿಶ್ವವಿದ್ಯಾಲಯದಲ್ಲಿ ಶಿಂತಾರೊ ಉದಾ ಮತ್ತು ಹಿದೆತ್ಸುಗು ಯಾಗಿ 1926ರಲ್ಲಿ ಪ್ರಕಟಿಸಿದ ಆಂಟೆನಾ ಮೂಲತಃ ಒಂದೇ ಬ್ಯಾಂಡಿನದು. ಅದನ್ನು ಹಲವು ಬ್ಯಾಂಡುಗಳಿಗೆ ಒಗ್ಗಿಸಲು ಎಲಿಮೆಂಟಿನ ನಡುನಡುವೆ ಟ್ರಾಪ್ ಕೂರಿಸುತ್ತಾರೆ. ಟ್ರಾಪ್ ಎಂದರೆ ಒಂದು ಸುರುಳಿ, ಒಂದು ಕೆಪಾಸಿಟರ್. ತನಗೆ ಗೊತ್ತುಮಾಡಿದ ಆವೃತ್ತಿಗೆ ಅದು ಬಾಗಿಲು ಮುಚ್ಚುತ್ತದೆ, ಅದಕ್ಕಿಂತ ಕಡಿಮೆ ಆವೃತ್ತಿಗೆ ದಾರಿ ಬಿಡುತ್ತದೆ.

ಎರಡನೆಯದು ತಂತಿ ಚೌಕಗಳ ಕ್ವಾಡ್. ಇದು ಬಾಳಿಕೆಯ ಸಮಸ್ಯೆಯಿಂದಲೇ ಹುಟ್ಟಿದ ಆಂಟೆನಾ. ಈಕ್ವೆಡಾರಿನ ಕಿಟೊ ಸುಮಾರು 2,800 ಮೀಟರ್ ಎತ್ತರದಲ್ಲಿದೆ. ಅಲ್ಲಿನ ಎಚ್‌ಸಿಜೆಬಿ ಪ್ರಸಾರ ಕೇಂದ್ರದ ಯಾಗಿಯ ತುದಿಗಳಲ್ಲಿ ತೆಳುಗಾಳಿಯ ಕಾರಣಕ್ಕೆ ಕೊರೋನಾ ವಿಸರ್ಜನೆಯಾಗಿ ಲೋಹವೇ ಕರಗುತ್ತಿತ್ತು. ತುದಿಗಳೇ ಇಲ್ಲದ ಆಂಟೆನಾ ಮಾಡಿದರೆ ಹೇಗೆ ಎಂದು ಅಲ್ಲಿನ ಎಂಜಿನಿಯರ್ ಕ್ಲಾರೆನ್ಸ್ ಮೂರ್ ತಂತಿಯನ್ನು ಚೌಕವಾಗಿ ಸುತ್ತಿದರು. ಕಿಟೊದ ಕಷ್ಟಕ್ಕೆ ಅದು ಸರಿಯಾದ ಪರಿಹಾರ. ನಮ್ಮ ಕಷ್ಟ ಬೇರೆ: ಎತ್ತರಕ್ಕೂ ಅಗಲಕ್ಕೂ ಚಾಚಿದ ಕಡ್ಡಿಗಳ ಆ ಚೌಕಟ್ಟು ಮುಂಗಾರಿನ ಗಾಳಿಗೆ ಹಾಯಿಯಂತೆ ಎದುರು ನಿಲ್ಲುತ್ತದೆ.

ಮೂರನೆಯದು ಹೆಕ್ಸ್‌ಬೀಮ್. ಫೈಬರ್ ಗ್ಲಾಸಿನ ಆರು ತೋಳುಗಳು ಕೊಡೆ ಮಗುಚಿದಂತೆ ಬಾಗಿ ನಿಲ್ಲುತ್ತವೆ. ಅವುಗಳ ನಡುವೆ ಐದೂ ಬ್ಯಾಂಡುಗಳಿಗೆ ತಂತಿಗಳು. ಹಗುರ, ಚಿಕ್ಕ ಕಂಬಕ್ಕೆ ಸಾಕು. ನಾಲ್ಕನೆಯದು ಲಾಗ್-ಪೀರಿಯಾಡಿಕ್ ಡೈಪೋಲ್ ಸಾಲು. ಇದರಲ್ಲಿ ಟ್ರಾಪ್ ಇಲ್ಲ, ಸುರುಳಿ ಇಲ್ಲ. ಉದ್ದದಿಂದ ಗಿಡ್ಡಕ್ಕೆ ಇಳಿಯುವ ಸರಳ ಡೈಪೋಲುಗಳಷ್ಟೇ. ಈ ಟಿಪ್ಪಣಿಯಲ್ಲಿ ಹೆಚ್ಚು ಹೊತ್ತು ನಿಲ್ಲುವುದು ಇದರ ಬಳಿ.

3. ಲಾಗ್-ಪೀರಿಯಾಡಿಕ್‌ನ ಹಿನ್ನೆಲೆ

1950ರ ದಶಕದಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಆವೃತ್ತಿಗೆ ಕಟ್ಟುಬೀಳದ ಆಂಟೆನಾಗಳ ಶೋಧ ನಡೆದಿತ್ತು. ವಿಕ್ಟರ್ ರಮ್ಸೆ ಮುಂದಿಟ್ಟ ವಿಚಾರ ಸರಳ. ಒಂದು ಆಕಾರವನ್ನು ಕೋನಗಳಿಂದ ಮಾತ್ರ ನಿರ್ಧರಿಸಿ, ಯಾವುದೇ ನಿರ್ದಿಷ್ಟ ಉದ್ದ ಇಲ್ಲದಂತೆ ನೋಡಿಕೊಂಡರೆ, ಆ ಆಕಾರವನ್ನು ಯಾವ ತರಂಗಾಂತರವೂ ‘ಇದು ನನ್ನದು’ ಎಂದು ಹಿಡಿಯಲಾರದು. ರೇಮಂಡ್ ಡುಹ್ಯಾಮೆಲ್ ಮತ್ತು ಡ್ವೈಟ್ ಇಸ್ಬೆಲ್ 1957ರಲ್ಲಿ ಇದಕ್ಕೆ ಲಾಗ್-ಪೀರಿಯಾಡಿಕ್ ರೂಪ ಕೊಟ್ಟರು. ಇಸ್ಬೆಲ್ 1960ರಲ್ಲಿ ಡೈಪೋಲುಗಳ ಸಾಲನ್ನು ಪ್ರಕಟಿಸಿದರು. ಮರುವರ್ಷ ರಾಬರ್ಟ್ ಕ್ಯಾರೆಲ್ ಅದರ ವಿನ್ಯಾಸಕ್ಕೆ ಸೂತ್ರಗಳನ್ನೂ ನಕ್ಷೆಗಳನ್ನೂ ಒದಗಿಸಿದರು. ಇಂದಿಗೂ ಕೈಲೆಕ್ಕ ಹಾಕುವವರು ಬಳಸುವುದು ಆ ಸೂತ್ರಗಳನ್ನೇ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಕ್ಯಾರೆಲ್ ಅವರ ಗೇನ್ ನಕ್ಷೆಗಳು ಇರುವುದಕ್ಕಿಂತ ಹೆಚ್ಚು ತೋರಿಸುತ್ತವೆ ಎಂಬುದು 1970ರ ದಶಕದಲ್ಲಿ ನಡೆದ ಮರುಲೆಕ್ಕಗಳಿಂದ ಸ್ಪಷ್ಟವಾಯಿತು; ವ್ಯತ್ಯಾಸ ಒಂದು ಡೆಸಿಬೆಲ್‌ಗೂ ಮಿಕ್ಕಿದ್ದು. ಆಯಾಮಗಳಿಗೆ ಅವರ ಸೂತ್ರಗಳನ್ನು ನೆಚ್ಚಬಹುದು. ಗೇನ್‌ಗೆ ತಿದ್ದಿದ ಅಂಕಿಗಳನ್ನೇ ಹಿಡಿಯಬೇಕು.

ಈ ಆಂಟೆನಾ ಕನ್ನಡ ನೆಲಕ್ಕೆ ಹೊಸದಲ್ಲ. ಬೆಂಗಳೂರಿನ ಉತ್ತರಕ್ಕೆ ಸುಮಾರು 100 ಕಿಲೋಮೀಟರ್ ದೂರದ ಗೌರಿಬಿದನೂರಿನಲ್ಲಿ ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆಯ ರೇಡಿಯೋ ವೀಕ್ಷಣಾಲಯವಿದೆ. ಅಲ್ಲಿ ರಾಮನ್ ಸಂಶೋಧನಾ ಸಂಸ್ಥೆಯ ಜೊತೆಗೂಡಿ ಕಟ್ಟಿದ ಮೊದಲ ದೊಡ್ಡ ಸಾಲು 34.5 ಮೆಗಾಹರ್ಟ್ಸ್ ಎಂಬ ಒಂದು ಆವೃತ್ತಿಯ ಸುತ್ತ ದುಡಿಯುವ ಡೈಪೋಲುಗಳದು. ಸೂರ್ಯನ ಕೊರೋನಾವನ್ನು ನೋಡಲು ಅಲ್ಲಿಯೇ 1997ರಲ್ಲಿ ಆರಂಭವಾದ ರೇಡಿಯೋ ಹೀಲಿಯೋಗ್ರಾಫ್‌ಗೆ 192 ಲಾಗ್-ಪೀರಿಯಾಡಿಕ್ ಡೈಪೋಲ್ ಆಂಟೆನಾಗಳನ್ನು ಆರಿಸಿಕೊಂಡರು. ವ್ಯಾಪ್ತಿ 40ರಿಂದ 150 ಮೆಗಾಹರ್ಟ್ಸ್. ಕಾರಣ ಭೌತಶಾಸ್ತ್ರದಲ್ಲೇ ಇದೆ. ಕೊರೋನಾದಲ್ಲಿ ಮೇಲೇರಿದಂತೆ ಎಲೆಕ್ಟ್ರಾನುಗಳ ಸಾಂದ್ರತೆ ಇಳಿಯುತ್ತದೆ, ಅದರೊಂದಿಗೆ ಹೊರಬರುವ ಅಲೆಯ ಆವೃತ್ತಿಯೂ ಇಳಿಯುತ್ತದೆ. ಒಂದೊಂದು ಆವೃತ್ತಿ ಒಂದೊಂದು ಎತ್ತರದ ಪದರವನ್ನು ತೋರಿಸುತ್ತದೆ. ಒಂದೇ ಆವೃತ್ತಿಗೆ ಶ್ರುತಿಗೊಂಡ ಆಂಟೆನಾದಿಂದ ಆ ಎಲ್ಲ ಪದರಗಳನ್ನು ನೋಡಲಾಗದು. ಹ್ಯಾಮ್‌ನ ಅಗತ್ಯವೂ ಇದೇ ಜಾತಿಯದು: ಅಯಾನುಗೋಳ ಬೆಳಗಿಗೊಂದು, ಸಂಜೆಗೊಂದು ಬ್ಯಾಂಡನ್ನು ತೆರೆಯುತ್ತದೆ. ತೆರೆದ ಬ್ಯಾಂಡಿಗೆ ತಕ್ಷಣ ಹೋಗಲು ಆಗಬೇಕು.

4. ಒಂದು ಮಾದರಿ ಲೆಕ್ಕ

ಕ್ಯಾರೆಲ್ ವಿಧಾನದಲ್ಲಿ ಎರಡು ಅಂಕಿಗಳು ಎಲ್ಲವನ್ನೂ ನಿರ್ಧರಿಸುತ್ತವೆ. ಟೌ ಎಂದರೆ ಒಂದು ಎಲಿಮೆಂಟಿಗೂ ಅದರ ಮುಂದಿನ ಗಿಡ್ಡ ಎಲಿಮೆಂಟಿಗೂ ಇರುವ ಉದ್ದದ ಅನುಪಾತ. ಸಿಗ್ಮಾ ಎಂದರೆ ಎಲಿಮೆಂಟುಗಳ ನಡುವಣ ಅಂತರದ ಅಳತೆ. ಟೌ 0.9, ಸಿಗ್ಮಾ 0.05 ಎಂದಿಟ್ಟುಕೊಂಡು 14ರಿಂದ 29.7 ಮೆಗಾಹರ್ಟ್ಸ್‌ಗೆ ಲೆಕ್ಕ ಹಾಕಿದರೆ ಹೀಗೆ ಬರುತ್ತದೆ: ಹನ್ನೊಂದು ಎಲಿಮೆಂಟುಗಳು, ಅತಿ ಉದ್ದದ್ದು 10.7 ಮೀಟರ್, ಅತಿ ಗಿಡ್ಡದ್ದು 3.7 ಮೀಟರ್, ಎಲಿಮೆಂಟುಗಳನ್ನು ಹೊರುವ ಬೂಮ್ ಸುಮಾರು 7 ಮೀಟರ್. ಎಲ್ಲ ಎಲಿಮೆಂಟುಗಳ ಒಟ್ಟು ಉದ್ದ ಸುಮಾರು 73 ಮೀಟರ್. ಗೇನ್ 6ರಿಂದ 7 ಡಿಬಿಐ. ಒಂದೇ ಬ್ಯಾಂಡಿಗೆ ಕಟ್ಟಿದ ಮೂರು ಎಲಿಮೆಂಟಿನ ಪೂರ್ಣ ಗಾತ್ರದ ಯಾಗಿಗಿಂತ ಸುಮಾರು ಒಂದು ಡೆಸಿಬೆಲ್ ಕಡಿಮೆ.

ಆ ಒಂದು ಡೆಸಿಬೆಲ್ಲನ್ನು ಮರಳಿ ಪಡೆಯಲು ಟೌ ಅನ್ನು 0.94ಕ್ಕೆ ಏರಿಸಿದೆವು ಅನ್ನಿ. ಆಗ ಎಲಿಮೆಂಟುಗಳು 16 ಆಗುತ್ತವೆ, ಬೂಮ್ 10.8 ಮೀಟರ್‌ಗೆ ಬೆಳೆಯುತ್ತದೆ, ಕೊಳವೆಯ ಒಟ್ಟು ಉದ್ದ 112 ಮೀಟರ್ ಮುಟ್ಟುತ್ತದೆ. ಗಾಳಿಗೆ ಒಡ್ಡುವ ಮೈ ಒಂದೂವರೆ ಪಟ್ಟು. ಆ ಕಡೆ ಕೇಳುವವರ ರಿಸೀವರಿನಲ್ಲಿ ಒಂದು ಎಸ್ ಯೂನಿಟ್ ಎಂದರೆ 6 ಡೆಸಿಬೆಲ್. ನಾವು ಗಳಿಸಿದ್ದು ಅದರ ಆರನೆಯ ಒಂದು ಭಾಗದ ಆಸುಪಾಸು. ಮೀಟರಿನ ಮುಳ್ಳು ಕದಲಿದ್ದು ಕಂಡರೆ ಹೆಚ್ಚು. ಹೀಗಾಗಿ ಮೊದಲ ವಿನ್ಯಾಸವನ್ನೇ ಮುಂದಿನ ಚರ್ಚೆಗೆ ಆಧಾರವಾಗಿ ಇಟ್ಟುಕೊಂಡಿದ್ದೇನೆ.

5. ಬಿರುಗಾಳಿ ಮತ್ತು ತಂಗಾಳಿ

ಭಾರತೀಯ ಮಾನಕ 875ರ ಮೂರನೆಯ ಭಾಗ ಊರೂರಿಗೆ ಮೂಲ ಗಾಳಿವೇಗವನ್ನು ಗೊತ್ತುಮಾಡಿದೆ. ಬೆಂಗಳೂರಿಗೆ ಸೆಕೆಂಡಿಗೆ 33 ಮೀಟರ್, ಮಂಗಳೂರಿಗೆ 39. ಅಂತರ ಸಣ್ಣದೆನ್ನಿಸುತ್ತದೆ. ಆದರೆ ಗಾಳಿಯ ಒತ್ತಡ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ: ಬೆಂಗಳೂರಿನಲ್ಲಿ ಚದರ ಮೀಟರಿಗೆ 653 ನ್ಯೂಟನ್, ಮಂಗಳೂರಿನಲ್ಲಿ 913. ಎಲಿಮೆಂಟುಗಳ ಸರಾಸರಿ ವ್ಯಾಸ 20 ಮಿಲಿಮೀಟರ್ ಎಂದುಕೊಂಡರೆ ನಮ್ಮ ಮಾದರಿ ಆಂಟೆನಾ ಗಾಳಿಗೆ ಒಡ್ಡುವ ಮೈ ಸುಮಾರು ಒಂದೂವರೆ ಚದರ ಮೀಟರ್. ದುಂಡು ಕೊಳವೆಯ ಎಳೆತದ ಗುಣಾಂಕ 1.2 ಸೇರಿಸಿದರೆ ಮಂಗಳೂರಿನಲ್ಲಿ ಕಂಬದ ತುದಿಗೆ ಬೀಳುವ ತಳ್ಳು 1,600 ನ್ಯೂಟನ್, ಅಂದರೆ 160 ಕಿಲೋ ತೂಕಕ್ಕೆ ಸಮ. ಬೆಂಗಳೂರಿನಲ್ಲಿ ಅದೇ ಆಂಟೆನಾಕ್ಕೆ 117 ಕಿಲೋ. ಘಟ್ಟದ ಮೇಲೆ ಪಾಸಾದ ಕಂಬ ಘಟ್ಟದ ಕೆಳಗೆ ಪಾಸಾಗಲೇಬೇಕೆಂದಿಲ್ಲ.

ಕಂಬವನ್ನು ಬೀಳಿಸುವುದು ಬಿರುಗಾಳಿ. ಎಲಿಮೆಂಟನ್ನು ಮುರಿಯುವುದು ಬಹುಪಾಲು ಸಂಜೆಯ ತಂಗಾಳಿ. ಹದವಾದ ಗಾಳಿ ದುಂಡು ಕೊಳವೆಯನ್ನು ದಾಟುವಾಗ ಹಿಂಬದಿಯಲ್ಲಿ ಸುಳಿಗಳು ಮೇಲೊಮ್ಮೆ ಕೆಳಗೊಮ್ಮೆ ಕಳಚಿಕೊಳ್ಳುತ್ತವೆ, ಪ್ರತಿ ಸುಳಿಯೂ ಕೊಳವೆಯನ್ನು ತುಸು ಜಗ್ಗುತ್ತದೆ. ಸೆಕೆಂಡಿಗೆ 5 ಮೀಟರ್ ಗಾಳಿ, 20 ಮಿಲಿಮೀಟರ್ ಕೊಳವೆ ಎಂದರೆ ಸೆಕೆಂಡಿಗೆ 50 ಸಲ, ಒಂದು ಗಂಟೆಗೆ 1,80,000 ಸಲ. ಈ ಲಯ ಕೊಳವೆಯ ಸ್ವಂತ ಲಯಗಳಲ್ಲೊಂದಕ್ಕೆ ಹೊಂದಿಬಿಟ್ಟರೆ ಅದು ಗುಂಯ್‌ಗುಟ್ಟತೊಡಗುತ್ತದೆ. ಉಕ್ಕಿಗೆ ಒಂದು ಸಹನೆಯ ಮಟ್ಟವಿದೆ. ಅದಕ್ಕಿಂತ ಕಡಿಮೆ ಒತ್ತಡವನ್ನು ಎಷ್ಟು ಸಲ ಹೇರಿದರೂ ಅದು ತಾಳಿಕೊಳ್ಳುತ್ತದೆ. ಅಲ್ಯೂಮಿನಿಯಂಗೆ ಅಂಥ ಮಟ್ಟವಿಲ್ಲ, ಪ್ರತಿ ಬಾಗೂ ಅದರ ಲೆಕ್ಕದಲ್ಲಿ ಜಮೆಯಾಗುತ್ತದೆ. ಕೊನೆಗೆ ಅದು ಬಿರುಕು ಬಿಡುವುದು ಕ್ಲಾಂಪಿನ ಅಂಚಿನಲ್ಲಿ, ಬಾಗು ಅತಿ ತೀಕ್ಷ್ಣವಾಗಿರುವ ಜಾಗದಲ್ಲಿ.

ಹ್ಯಾಮ್‌ಗಳ ನಡುವೆ ಇದಕ್ಕೊಂದು ಹಳೆಯ ಉಪಾಯವಿದೆ. ಪ್ರತಿ ಎಲಿಮೆಂಟಿನೊಳಗೆ ಉದ್ದಕ್ಕೂ ಒಂದು ನೈಲಾನ್ ಅಥವಾ ಪಾಲಿಪ್ರೊಪಿಲೀನ್ ಹಗ್ಗವನ್ನು ಸಡಿಲವಾಗಿ ಸೇರಿಸುತ್ತಾರೆ. ಕೊಳವೆ ನಡುಗಿದಾಗ ಹಗ್ಗ ಒಳಗೆ ಉಜ್ಜಿ ನಡುಕದ ಶಕ್ತಿಯನ್ನು ಹೀರಿಕೊಳ್ಳುತ್ತದೆ. ಖರ್ಚು ಅತ್ಯಲ್ಪ, ಕೆಲಸ ದೊಡ್ಡದು. ಎಲಿಮೆಂಟನ್ನು ಒಂದೇ ವ್ಯಾಸದ ಕೊಳವೆಯಿಂದ ಮಾಡುವ ಬದಲು ಬುಡದಲ್ಲಿ ದಪ್ಪ, ತುದಿಗೆ ಸಣ್ಣ ಕೊಳವೆಗಳನ್ನು ಒಂದರೊಳಗೊಂದು ತೂರಿಸಿ ಮಾಡಿದರೆ ಇಡೀ ಉದ್ದ ಒಂದೇ ಲಯಕ್ಕೆ ಸಿಕ್ಕಿಬೀಳುವುದು ತಪ್ಪುತ್ತದೆ. ಮಿಶ್ರಲೋಹದ ಆಯ್ಕೆಯೂ ಇಲ್ಲಿ ಮುಖ್ಯ. ಕಿಟಕಿ ಚೌಕಟ್ಟಿಗೆ ಬಳಸುವ 6063 ಅಂಗಡಿಗಳಲ್ಲಿ ಸುಲಭವಾಗಿ ಸಿಗುತ್ತದೆ. ಬುಡದ ತುಂಡುಗಳಿಗಾದರೂ ಅದಕ್ಕಿಂತ ಗಟ್ಟಿಯಾದ 6061-ಟಿ6 ಹುಡುಕಿ ತರುವುದು ಒಳ್ಳೆಯದು.

6. ಉಪ್ಪು ಮತ್ತು ಜಾಯಿಂಟು

ಕರಾವಳಿಯಲ್ಲಿ ಆಂಟೆನಾ ಕೆಡುವುದು ಮಳೆಗಾಲದಲ್ಲಿ ಎಂಬುದು ಸಾಮಾನ್ಯ ನಂಬಿಕೆ. ಈ ನಂಬಿಕೆಯನ್ನು ತುಸು ತಿದ್ದಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಜೋರು ಮಳೆ ತೆರೆದ ಮೈಯ ಉಪ್ಪನ್ನು ದಿನವೂ ತೊಳೆದುಬಿಡುತ್ತದೆ. ಮಳೆ ನಿಂತ ಮೇಲೆ, ಬೇಸಿಗೆಯುದ್ದಕ್ಕೂ, ಕಡಲಗಾಳಿ ತಂದ ಉಪ್ಪು ಕೂತಲ್ಲೇ ಕೂತಿರುತ್ತದೆ. ಗಾಳಿಯ ತೇವ ಶೇ. 75 ದಾಟಿದರೆ ಅಡುಗೆ ಉಪ್ಪು ತಾನಾಗಿ ನೀರೊಡೆಯುತ್ತದೆ. ಕರಾವಳಿಯ ಅಡುಗೆಮನೆಯ ಉಪ್ಪಿನ ಭರಣಿ ನೋಡಿದವರಿಗೆ ಇದನ್ನು ಬೇರೆ ಹೇಳಬೇಕಾಗಿಲ್ಲ. ಅದೇ ಉಪ್ಪು ಕೊಳವೆಗಳ ಸಂದಿಯಲ್ಲಿ ರಾತ್ರಿ ದ್ರವವಾಗಿ, ಹಗಲು ಒಣಗಿ, ಮತ್ತೆ ರಾತ್ರಿ ದ್ರವವಾಗುತ್ತದೆ. ಮಳೆನೀರು ತೊಳೆಯಲಾರದ ಸಂದಿಗಳೇ ಹೆಚ್ಚು ಸವೆಯುವುದು ಈ ಕಾರಣಕ್ಕೆ.

ಸಂದಿ ಇಷ್ಟು ಮುಖ್ಯವಾಗಲು ಇನ್ನೊಂದು ಕಾರಣ ರೇಡಿಯೋ ಪ್ರವಾಹದ ಸ್ವಭಾವ. 14 ಮೆಗಾಹರ್ಟ್ಸ್‌ನಲ್ಲಿ ಅಲ್ಯೂಮಿನಿಯಂ ಕೊಳವೆಯ ಪ್ರವಾಹವೆಲ್ಲ ಹೆಚ್ಚುಕಡಿಮೆ ಹೊರಮೈಯ 22 ಮೈಕ್ರೋಮೀಟರ್ ಪದರದಲ್ಲೇ ಹರಿಯುತ್ತದೆ. ತಲೆಗೂದಲಿನ ಅರ್ಧ ದಪ್ಪಕ್ಕೂ ಕಡಿಮೆ. ದಪ್ಪ ಕೊಳವೆಯೊಳಗೆ ಸಣ್ಣ ಕೊಳವೆ ತೂರಿದ ಕಡೆ ಈ ತೆಳು ಪ್ರವಾಹ ದಾಟುವುದು ದಪ್ಪ ಕೊಳವೆಯ ಬಾಯಂಚಿನಲ್ಲಿ. ಒಳಗೆ ಎಷ್ಟೇ ಉದ್ದ ತೂರಿಸಿದ್ದರೂ ಆ ಅಂಚಿನಲ್ಲಿ ಹಿಡಿತ ಸಡಿಲವಾಗಿದ್ದರೆ ಪ್ರವಾಹಕ್ಕೆ ಒಳ್ಳೆಯ ದಾರಿಯಿಲ್ಲ. ಆದ್ದರಿಂದ ದಪ್ಪ ಕೊಳವೆಯ ಬಾಯಿಯನ್ನು ಗರಗಸದಿಂದ ಸೀಳಿ, ಅಂಚಿಗೆ ಆದಷ್ಟು ಹತ್ತಿರದಲ್ಲಿ ಸ್ಟೇನ್‌ಲೆಸ್ ಹೋಸ್ ಕ್ಲಾಂಪ್ ಬಿಗಿಯಬೇಕು. ಅಲ್ಯೂಮಿನಿಯಂ ಉಜ್ಜಿದ ಕ್ಷಣದಲ್ಲೇ ಅದರ ಮೈಮೇಲೆ ಮತ್ತೆ ಆಕ್ಸೈಡ್ ಪೊರೆ ಕಟ್ಟುತ್ತದೆ. ಅದಕ್ಕಾಗಿ ಜಾಯಿಂಟ್ ಕಾಂಪೌಂಡನ್ನು ಮೊದಲು ಬಳಿದು, ಅದರ ಮೇಲಿಂದಲೇ ತಂತಿ ಬ್ರಷ್‌ನಿಂದ ಉಜ್ಜಿ, ಒರೆಸದೆ ಜೋಡಿಸಬೇಕು. ಸತುವಿನ ಪುಡಿ ಬೆರೆತ ಕಾಂಪೌಂಡ್ ಒಳ್ಳೆಯದು.

ಲೋಹಗಳ ಜೋಡಿಯನ್ನೂ ನೋಡಬೇಕು. ಉಪ್ಪುನೀರಿನಲ್ಲಿ ತಾಮ್ರ ಮತ್ತು ಅಲ್ಯೂಮಿನಿಯಂ ತಾಗಿದರೆ ತಿಂದುಹೋಗುವುದು ಅಲ್ಯೂಮಿನಿಯಂ. ಕೇಬಲ್ ಬಂದು ಸೇರುವ ಫೀಡ್ ಬಿಂದುವಿನಲ್ಲಿ ತಾಮ್ರದ ತಂತಿಗೆ ತವರ ಲೇಪಿತ ಲಗ್ ಹಾಕಿ, ಲಗ್ ಮತ್ತು ಕೊಳವೆಯ ನಡುವೆ ಸ್ಟೇನ್‌ಲೆಸ್ ವಾಷರ್ ಕೂರಿಸಬೇಕು. ಸ್ಟೇನ್‌ಲೆಸ್‌ನಲ್ಲೂ 304ಕ್ಕಿಂತ 316 ದರ್ಜೆ ಮೇಲು. ಅದರಲ್ಲಿರುವ ಸುಮಾರು ಶೇ. 2 ಮಾಲಿಬ್ಡಿನಂ ಉಪ್ಪಿನಿಂದಾಗುವ ಗುಳಿಗಳನ್ನು ತಡೆಯುತ್ತದೆ. ಸತುವಿನ ಲೇಪದ ಸಾಧಾರಣ ಬೋಲ್ಟು ಕಡಲ ಬದಿಗೆ ಸಲ್ಲದು.

ಈಗ ಎಣಿಕೆ. ಪರಿಶೀಲನೆ ಆರಂಭಿಸಿದಾಗ ನನ್ನ ಊಹೆ ಹೀಗಿತ್ತು: ಟ್ರಾಪ್ ಇಲ್ಲದ ಲಾಗ್-ಪೀರಿಯಾಡಿಕ್‌ನಲ್ಲಿ ಜಾಯಿಂಟುಗಳು ಕಡಿಮೆ, ಅದರಿಂದ ಬಾಳಿಕೆ ಹೆಚ್ಚು. ಎಣಿಸಿ ನೋಡಿದಾಗ ಊಹೆ ನಿಲ್ಲಲಿಲ್ಲ. ಮೂರು ಎಲಿಮೆಂಟಿನ ಟ್ರಾಪ್ ಯಾಗಿಯಲ್ಲಿ ಅರ್ಧ ಎಲಿಮೆಂಟಿಗೆ ಎರಡರಂತೆ 12 ಟ್ರಾಪುಗಳು. ಪ್ರತಿ ಟ್ರಾಪಿನಲ್ಲಿ ಸುರುಳಿಯ ಎರಡು ತುದಿಗಳು, ಒಟ್ಟು 24 ಜಾಯಿಂಟುಗಳು. ಹನ್ನೊಂದು ಎಲಿಮೆಂಟಿನ ಲಾಗ್-ಪೀರಿಯಾಡಿಕ್‌ನಲ್ಲಿ 22 ಅರ್ಧ ಎಲಿಮೆಂಟುಗಳ ಬುಡದಲ್ಲೇ 22. ಕೊಳವೆಯೊಳಗೆ ಕೊಳವೆ ತೂರಿಸಿದ ಕಡೆಗಳನ್ನು ಸೇರಿಸಿದರೆ ನನ್ನ ವಿನ್ಯಾಸದಲ್ಲಿ ಇನ್ನೂ 24. ಬ್ಯಾಂಡಿಗೆ ಇಷ್ಟೆಂದು ಭಾಗಿಸಿದರೂ ಯಾಗಿಗೆ 8, ಲಾಗ್-ಪೀರಿಯಾಡಿಕ್‌ಗೆ 9. ಎಣಿಕೆಯಲ್ಲಿ ಲಾಗ್-ಪೀರಿಯಾಡಿಕ್ ಗೆಲ್ಲುವುದಿಲ್ಲ.

ಅದು ಗೆಲ್ಲುವುದು ಜಾಯಿಂಟು ಇರುವ ಜಾಗದಲ್ಲಿ. ಯಾಗಿಯ ಆ 24 ಜಾಯಿಂಟುಗಳು ಹೊದಿಕೆಯೊಳಗೆ ಮುಚ್ಚಿಹೋಗಿರುತ್ತವೆ. ಅಲ್ಲಿ ಏನಾಗುತ್ತಿದೆ ಎಂದು ಕಣಜದ ಹುಳುವಿಗೆ ಗೊತ್ತು, ಮಾಲೀಕರಿಗೆ ಗೊತ್ತಿಲ್ಲ. ಲಾಗ್-ಪೀರಿಯಾಡಿಕ್‌ನ ಜಾಯಿಂಟುಗಳೆಲ್ಲ ಹೊರಗಿವೆ. ಬಿಳಿ ಹಿಟ್ಟು ಕಣ್ಣಿಗೆ ಕಾಣುತ್ತದೆ, ಕ್ಲಾಂಪ್ ಬಿಚ್ಚಿ ಉಜ್ಜಿ ಮತ್ತೆ ಬಿಗಿಯಬಹುದು, ಕೆಟ್ಟ ಕೊಳವೆಗೆ ಪೇಟೆಯಿಂದ ಇನ್ನೊಂದು ತಂದು ಹಾಕಬಹುದು. ಕೆಟ್ಟಾಗ ಆಗುವ ಹಾನಿಯೂ ಬೇರೆ. ಯಾವುದೇ ಆವೃತ್ತಿಯಲ್ಲಿ ಲಾಗ್-ಪೀರಿಯಾಡಿಕ್‌ನ ಅರ್ಧ ತರಂಗಾಂತರಕ್ಕೆ ಹತ್ತಿರದ ಕೆಲವೇ ಎಲಿಮೆಂಟುಗಳು ಮುಖ್ಯವಾಗಿ ದುಡಿಯುತ್ತವೆ, ಉಳಿದವು ಸುಮ್ಮನಿರುತ್ತವೆ. ಒಂದು ತುದಿ ಕಳಚಿದರೆ ಆ ಆವೃತ್ತಿಯ ಸುತ್ತ ಮಾತ್ರ ಏರುಪೇರು.

ಇದಕ್ಕೆ ಒಂದು ಮುಖ್ಯ ಅಪವಾದವಿದೆ. ಲಾಗ್-ಪೀರಿಯಾಡಿಕ್‌ಗೆ ಶಕ್ತಿ ಉಣಿಸುವುದು ಮುಂದಿನ ಗಿಡ್ಡ ತುದಿಯಿಂದ. 14 ಮೆಗಾಹರ್ಟ್ಸ್‌ನ ಶಕ್ತಿ ಹಿಂಬದಿಯ ಉದ್ದ ಎಲಿಮೆಂಟುಗಳನ್ನು ಮುಟ್ಟಲು ನಡುವಿನ ಫೀಡರ್ ಪೂರ್ತಿ ದಾಟಬೇಕು. ಒಂದು ಬೂಮಿನ ವಿನ್ಯಾಸದಲ್ಲಿ ಎಲಿಮೆಂಟಿನಿಂದ ಎಲಿಮೆಂಟಿಗೆ ತಂತಿಗಳನ್ನು ಅಡ್ಡಡ್ಡ ದಾಟಿಸಿ ಫೀಡರ್ ಮಾಡುತ್ತಾರೆ. ಮುಂದಿನ ಒಂದು ಲಗ್ ಸಡಿಲಿದರೆ ಹಿಂದಿನದೆಲ್ಲ ಸತ್ತಂತೆ. ಎರಡು ಬೂಮಿನ ವಿನ್ಯಾಸದಲ್ಲಿ ಒಂದರ ಮೇಲೊಂದು ಓಡುವ ಬೂಮುಗಳೇ ಫೀಡರ್. ಅರ್ಧ ಎಲಿಮೆಂಟುಗಳನ್ನು ಮೇಲಿನ, ಕೆಳಗಿನ ಬೂಮಿಗೆ ಎಡಬಲ ಬದಲಿಸುತ್ತ ಬಿಗಿದರೆ ತಂತಿ ದಾಟಿಸುವ ಕೆಲಸವೇ ಉಳಿಯುವುದಿಲ್ಲ. ಹಿಂದಿನ ತುದಿಯಲ್ಲಿ ಎರಡೂ ಬೂಮುಗಳನ್ನು ಕೂಡಿಸಿ ಕಂಬದ ಮೂಲಕ ಅರ್ಥ್ ಮಾಡಿದರೆ ಮುಂಗಾರು ಪೂರ್ವದ ಗುಡುಗಿನ ದಿನಗಳಲ್ಲಿ ಮೈಮೇಲೆ ಕೂಡುವ ಸ್ಥಾಯಿ ವಿದ್ಯುತ್ತೂ ಇಳಿದುಹೋಗುತ್ತದೆ. ನೇರ ಸಿಡಿಲಿಗೆ ಇದು ರಕ್ಷಣೆಯಲ್ಲ. ಅದಕ್ಕೆ ಪ್ರತ್ಯೇಕ ವ್ಯವಸ್ಥೆ ಬೇಕು, ಗುಡುಗು ಕೇಳಿಸಿದಾಗ ಕೇಬಲ್ ಕಳಚಿ ಹೊರಗಿಡುವ ಅಭ್ಯಾಸವೂ ಬೇಕು.

7. ಎಸ್‌ಡಬ್ಲ್ಯೂಆರ್ ಮುಚ್ಚಿಡುವ ಸಂಗತಿ

ಮೊದಲಿನ ಒಗಟಿಗೆ ಬರೋಣ. ಎಸ್‌ಡಬ್ಲ್ಯೂಆರ್ ಮೀಟರ್ ಅಳೆಯುವುದು ಹೋದ ಶಕ್ತಿಯಲ್ಲಿ ಎಷ್ಟು ಮರಳಿ ಬಂತು ಎಂಬುದನ್ನು. ಮರಳಿ ಬಾರದ ಶಕ್ತಿಯೆಲ್ಲ ಆಕಾಶಕ್ಕೇ ಹೋಯಿತೆಂದು ಅದು ಹೇಳುವುದಿಲ್ಲ. ಹಾಗೆ ಓದಿಕೊಳ್ಳುವುದು ನಾವು. ನೀರು ಕುಡಿದ ಕೇಬಲ್ ಒಂದು ದಿಕ್ಕಿನಲ್ಲಿ 6 ಡೆಸಿಬೆಲ್ ನುಂಗುತ್ತದೆ ಎಂದುಕೊಳ್ಳಿ. ಮೇಲೆ ಆಂಟೆನಾ ಇಲ್ಲವೇ ಇಲ್ಲ, ಕೇಬಲಿನ ತುದಿ ಬರಿದಾಗಿದೆ. ತುದಿಯಲ್ಲಿ ಶಕ್ತಿ ಪೂರ್ತಿ ತಿರುಗಿ ಬಂದರೂ ಹೋಗುವಾಗ 6, ಬರುವಾಗ 6, ಒಟ್ಟು 12 ಡೆಸಿಬೆಲ್ ಸೋರಿಹೋಗಿ ಮೀಟರ್ ತೋರಿಸುವುದು 1.7. ಯಾರೂ ಅದನ್ನು ಕೆಟ್ಟ ಅಂಕಿ ಎನ್ನಲಾರರು. ಕೇಬಲಿನ ನಷ್ಟ 3 ಡೆಸಿಬೆಲ್ ಇದ್ದರೆ ಬರಿ ತುದಿಗೂ ಮೀಟರ್ 3 ಎನ್ನುತ್ತದೆ.

ಟ್ರಾಪಿನೊಳಗಿನ ಬಿಳಿ ಹಿಟ್ಟು ಮಾಡುವುದೂ ಇದೇ ಕೆಲಸ. ಸವೆದ ಜಾಯಿಂಟಿನ ರೋಧ ಶಕ್ತಿಯನ್ನು ಶಾಖವಾಗಿ ಕಳೆಯುತ್ತದೆ. ಎಸ್‌ಡಬ್ಲ್ಯೂಆರ್ ರೇಖೆಯ ಕಣಿವೆ ಅಗಲವಾಗುತ್ತದೆ, ಆಂಟೆನಾ ಮೊದಲಿಗಿಂತ ಹೆಚ್ಚು ಅಗಲದ ಪಟ್ಟೆಯನ್ನು ಹಿಡಿಯುತ್ತಿರುವಂತೆ ಕಾಣುತ್ತದೆ. ಮುಪ್ಪು ಆರೋಗ್ಯದ ವೇಷದಲ್ಲಿ ಬರುತ್ತದೆ. ಅಗಲ ಪಟ್ಟೆಯ ಆಂಟೆನಾ ಕೊಳ್ಳುವವರು ಈ ಕಾರಣಕ್ಕೆ ‘ಎಲ್ಲ ಬ್ಯಾಂಡಿನಲ್ಲೂ ಎಸ್‌ಡಬ್ಲ್ಯೂಆರ್ 2ರ ಒಳಗೆ’ ಎಂಬ ಒಂದೇ ಮಾತನ್ನು ನೆಚ್ಚಬಾರದು. ರೋಧವೊಂದನ್ನು ಒಳಗಿಟ್ಟುಕೊಂಡ ಆಂಟೆನಾವೂ ಅದೇ ಅಂಕಿ ಕೊಡುತ್ತದೆ.

ಪರಿಹಾರ ಸುಲಭ. ಆಂಟೆನಾ ನಿಲ್ಲಿಸಿದ ದಿನವೇ ನ್ಯಾನೋ ವಿಎನ್‌ಎಯಂಥ ಉಪಕರಣದಿಂದ 13ರಿಂದ 30 ಮೆಗಾಹರ್ಟ್ಸ್‌ವರೆಗಿನ ಪೂರ್ತಿ ರೇಖೆಯನ್ನು ಬರೆದಿಡಬೇಕು. ಕೇಬಲಿನ ನಷ್ಟವನ್ನು ಬೇರೆಯಾಗಿ ಅಳೆದು ಬರೆದಿಡಬೇಕು. ಪ್ರತಿ ವರ್ಷ ಮಳೆ ನಿಂತ ಮೇಲೆ ಮತ್ತೆ ಅಳೆದು ಹೋಲಿಸಬೇಕು. ಲಾಗ್-ಪೀರಿಯಾಡಿಕ್‌ನ ರೇಖೆಯಲ್ಲಿ ಸಹಜವಾಗಿಯೇ ಏರಿಳಿತಗಳಿರುತ್ತವೆ. ಅವು ಇದ್ದಲ್ಲೇ ಇದ್ದರೆ ಸರಿ. ಹೊಸದೊಂದು ಮೊನೆ ಎದ್ದರೆ ಅದರ ಆವೃತ್ತಿಯೇ ಯಾವ ಎಲಿಮೆಂಟಿನ ಬಳಿ ನೋಡಬೇಕೆಂದು ಹೇಳುತ್ತದೆ. ಇಡೀ ರೇಖೆ ನಯವಾಗಿ ಕೆಳಗಿಳಿದಿದ್ದರೆ ಸಂತೋಷಪಡದೆ ಕೇಬಲನ್ನು ಪರೀಕ್ಷಿಸಬೇಕು.

8. ತಿರುಗಿಸಲೇಬೇಕೇ?

ಎರಡು ಬೂಮಿನ ಲಾಗ್-ಪೀರಿಯಾಡಿಕ್ ನಿಲ್ಲಿಸಿದರೂ ಅದನ್ನು ತಿರುಗಿಸುವ ರೋಟೇಟರ್ ಎಂಬ ಮೋಟಾರು ಬಾಳಿಕೆಯ ಸರಪಳಿಯಲ್ಲಿ ಬಡಕಲು ಕೊಂಡಿ. ಗೇರು, ಬೇರಿಂಗು, ಕೇಬಲಿನ ಸುತ್ತು ಎಲ್ಲವೂ ಅಲ್ಲಿವೆ. ಅದಿಲ್ಲದೆ ನಡೆಯುತ್ತದೆಯೇ ಎಂದು ತಿಳಿಯಲು ಮಂಗಳೂರಿನಿಂದ ಮಹಾವೃತ್ತದ ದಿಕ್ಕುಗಳನ್ನು ಲೆಕ್ಕ ಹಾಕಿದೆ. ಉತ್ತರದಿಂದ ಪ್ರದಕ್ಷಿಣೆಯಾಗಿ ಲಂಡನ್ 320 ಡಿಗ್ರಿ, ನ್ಯೂಯಾರ್ಕ್ 333, ಟೋಕಿಯೊ 56, ಸಿಡ್ನಿ 126. ಸಪಾಟು ಭೂಪಟ ನೋಡಿ ಅಮೆರಿಕ ಪಶ್ಚಿಮಕ್ಕಿದೆ ಎಂದುಕೊಂಡವರಿಗೆ ನ್ಯೂಯಾರ್ಕ್ ಲಂಡನ್ನಿಗಿಂತಲೂ ಉತ್ತರಕ್ಕೆ ವಾಲಿರುವುದು ಆಶ್ಚರ್ಯವೆನಿಸೀತು. ನಮ್ಮ ಮಾದರಿ ಆಂಟೆನಾದ ಕಿರಣದ ಅಗಲ ಸುಮಾರು 60 ಡಿಗ್ರಿ. ಅದನ್ನು 325 ಡಿಗ್ರಿಗೆ ತಿರುಗಿಸಿ ಶಾಶ್ವತವಾಗಿ ನಿಲ್ಲಿಸಿದರೆ ಯುರೋಪಿನ ಬಹುಭಾಗವೂ ಉತ್ತರ ಅಮೆರಿಕದ ಪೂರ್ವ ಭಾಗವೂ ಒಂದೇ ಹಿಡಿತದಲ್ಲಿ ಸಿಗುತ್ತವೆ. ಜಪಾನ್, ಆಸ್ಟ್ರೇಲಿಯಾ ಬೇಕೆನ್ನುವವರಿಗೆ ಮಾತ್ರ ರೋಟೇಟರ್ ಅನಿವಾರ್ಯ.

ತಿರುಗಿಸದ ಆಂಟೆನಾಕ್ಕೆ ಕೊಳವೆಯೂ ಬೇಕಾಗಿಲ್ಲ. ತೆಂಗಿನ ತೋಟವಿರುವವರು ಇದೇ ಅಳತೆಯ ಡೈಪೋಲುಗಳನ್ನು ತಾಮ್ರದ ತಂತಿಯಲ್ಲಿ ಮಾಡಿ, ಬಿಸಿಲು ತಾಳುವ ಕಪ್ಪು ಹಗ್ಗಗಳ ನಡುವೆ ಬಲೆಯಂತೆ ಹರಡಬಹುದು. ಜಾಯಿಂಟುಗಳನ್ನು ಬೆಸುಗೆ ಹಾಕಿ ಮುಚ್ಚಬಹುದು, ಗಾಳಿಗೆ ಒಡ್ಡುವ ಮೈ ಕೊಳವೆಯದರ ಒಂದು ಪಾಲಷ್ಟೇ. ತೆಂಗಿನ ಮರ ಗಾಳಿಗೆ ತೂಗುತ್ತದಾದ್ದರಿಂದ ಹಗ್ಗವನ್ನು ಮರಕ್ಕೆ ಬಿಗಿಯದೆ ರಾಟೆಯ ಮೇಲೆ ಹಾಯಿಸಿ ತುದಿಗೆ ತೂಕ ಕಟ್ಟಬೇಕು. ಮರ ಬಾಗಿದಾಗ ತೂಕ ಏರುತ್ತದೆ, ಸೆಟೆದಾಗ ಇಳಿಯುತ್ತದೆ, ತಂತಿಯ ಬಿಗಿತ ಒಂದೇ ಇರುತ್ತದೆ.

ಎತ್ತರದ ಬಗ್ಗೆ ಒಂದು ಮಾತು. ಸಮನೆಲದಿಂದ 15 ಮೀಟರ್ ಮೇಲೆ ನಿಂತರೆ ಮುಖ್ಯ ಕಿರಣ 14 ಮೆಗಾಹರ್ಟ್ಸ್‌ನಲ್ಲಿ ಸುಮಾರು 21 ಡಿಗ್ರಿ, 28 ಮೆಗಾಹರ್ಟ್ಸ್‌ನಲ್ಲಿ ಸುಮಾರು 10 ಡಿಗ್ರಿ ಕೋನದಲ್ಲಿ ಏಳುತ್ತದೆ. 10.7 ಮೀಟರಿಗೆ ಇಳಿಸಿದರೆ 14 ಮೆಗಾಹರ್ಟ್ಸ್‌ನ ಕೋನ 30 ಡಿಗ್ರಿಗೆ ಏರುತ್ತದೆ. ದೂರದ ಮಾತುಕತೆಗೆ ತಗ್ಗಿನ ಕೋನ ಬೇಕು. ಟೌ ಏರಿಸಿ ಎಲಿಮೆಂಟು ಹೆಚ್ಚಿಸುವುದಕ್ಕಿಂತ, ಅದೇ ಹಣದಲ್ಲಿ ಹಗುರವಾದ ಆಂಟೆನಾವನ್ನು ಎತ್ತರಕ್ಕೆ ಏರಿಸುವುದು ಹೆಚ್ಚು ಫಲ ಕೊಡುತ್ತದೆ.

9. ನಿಲುವು

ಗಟ್ಟಿ ಟವರ್ ಇರುವ ಕರಾವಳಿ ಕೇಂದ್ರಕ್ಕೆ ಈ ಪರಿಶೀಲನೆ ಸೂಚಿಸುವುದು ಟೌ 0.9ರ ಆಸುಪಾಸಿನ, ಎರಡು ಬೂಮಿನ, ಹನ್ನೊಂದು ಎಲಿಮೆಂಟಿನ ಲಾಗ್-ಪೀರಿಯಾಡಿಕ್. ತೋಟವಿದ್ದು ಒಂದೇ ದಿಕ್ಕು ಸಾಕೆನ್ನುವವರಿಗೆ ಅದರ ತಂತಿಯ ರೂಪ. ತಾರಸಿಯ ಮೇಲೆ ಚಿಕ್ಕ ಕಂಬ ಮಾತ್ರ ಇರುವವರು 160 ಕಿಲೋ ತಳ್ಳನ್ನು ಮನೆಯ ಮೇಲೆ ಹೊರಿಸಬಾರದು. ಅವರಿಗೆ ಹೆಕ್ಸ್‌ಬೀಮೇ ಸರಿ. ಅದರ ತಂತಿಗಳು ತೋಳಿಗೆ ಉಜ್ಜುವ ಜಾಗಗಳನ್ನೂ, ಬಿಸಿಲಿಗೆ ನಾರು ಬಿಡುವ ಫೈಬರ್ ಗ್ಲಾಸನ್ನೂ ನೋಡಿಕೊಳ್ಳುತ್ತಿರಬೇಕು. ಟ್ರಾಪಿನ ಯಾಗಿ ಈಗಾಗಲೇ ಇರುವವರು ಅದನ್ನು ಎಸೆಯಬೇಕಿಲ್ಲ. ವರ್ಷಕ್ಕೊಮ್ಮೆ ಇಳಿಸಿ, ಬಸಿಯುವ ತೂತುಗಳು ಕೆಳಮುಖವಾಗಿವೆಯೇ, ತೆರೆದಿವೆಯೇ ಎಂದು ನೋಡಿ, ಸಣ್ಣ ಕಂಡಿಯ ಸ್ಟೇನ್‌ಲೆಸ್ ಜಾಲರಿ ಹೊಂದಿಸಿದರೆ ಅದರ ಆಯುಷ್ಯ ಬೆಳೆಯುತ್ತದೆ.

ಕಡಲ ಗಾಳಿಯಲ್ಲಿ ಎಂದೂ ಕೆಡದ ಆಂಟೆನಾ ಇಲ್ಲ. ನನ್ನ ಮೊದಲ ಊಹೆಯನ್ನು ಎಣಿಕೆ ಸುಳ್ಳು ಮಾಡಿದ ಮೇಲೆ ನನಗೆ ಉಳಿದ ಅಳತೆಗೋಲು ಇಷ್ಟು: ಕೆಟ್ಟದ್ದು ಕಣ್ಣಿಗೆ ಬೀಳಬೇಕು, ಊರಿನ ಹಾರ್ಡ್‌ವೇರ್ ಅಂಗಡಿಯ ಸಾಮಾನಿನಿಂದ ಸರಿಹೋಗಬೇಕು. ಅಕ್ಟೋಬರಿನ ಒಂದು ಬೆಳಿಗ್ಗೆ, ಗುಡುಗಿಲ್ಲದ ದಿನ ನೋಡಿ, ಆಂಟೆನಾವನ್ನು ಕೈಗೆಟುಕುವಂತೆ ಇಳಿಸಿಕೊಂಡು, ಮುಂದಿನ ಫೀಡ್ ಬಿಂದುವಿನಿಂದ ಆರಂಭಿಸಿ ಒಂದೊಂದೇ ಕ್ಲಾಂಪನ್ನು ಬಿಚ್ಚಿ ನೋಡಿ ಮತ್ತೆ ಬಿಗಿಯಲು ಯಾವ ಆಂಟೆನಾ ಅನುವು ಮಾಡಿಕೊಡುತ್ತದೋ ಅದನ್ನೇ ಆರಿಸಬೇಕು.